ಮೇಲಿನ ಕೋಣೆಯ ಸೂಟ್‌ಕೇಸು

ಮಂಗಳೂರು, ಉಡುಪಿಯ ಹಳೇ ಉಪ್ಪರಿಗೆ ಮನೆಗಳು ಒಂದೊಂದಾಗಿ ಹೆರಿಟೇಜ್ ಹೋಟೆಲ್ ಆಗುತ್ತಿವೆ. ಕಂಬಕ್ಕೆ ಪಾಲಿಶ್, ಹಂಚಿಗೆ ಬಣ್ಣ, ಬಾಡಿಗೆಗೆ ಇನ್ನೊಂದು ಸೊನ್ನೆ. ರಾತ್ರಿ ಹನ್ನೊಂದಕ್ಕೆ ಮೇಲಿನವರು ಚಕ್ರದ ಸೂಟ್‌ಕೇಸು ಎಳೆದರೆ ಕೆಳಗಿನವರು ಗುಡುಗಿತೆಂದು ಎದ್ದು ಕಿಟಕಿ ಹಾಕುತ್ತಾರೆ.

ತಪ್ಪು ಸೂಟ್‌ಕೇಸಿನದ್ದಲ್ಲ, ಶಬ್ದ ತಡೆಯುವಷ್ಟು ತೂಕವಿಲ್ಲದ ಮರದ ನೆಲದ್ದು. ಜಂತಿಯ ಮೇಲಿನ ಒಂದಂಗುಲದ ಹಲಗೆ ಚದರ ಮೀಟರಿಗೆ 20 ಕೆಜಿ ಆಸುಪಾಸು. 5 ಅಂಗುಲದ ಕಾಂಕ್ರೀಟ್ ಸ್ಲ್ಯಾಬಾದರೆ 300 ಕೆಜಿ. ಮಾತು, ಟೀವಿ ಹಲಗೆಯ ಸಂದಿಯಲ್ಲಿ ಇಳಿಯುತ್ತವೆ. ಹೆಜ್ಜೆಗೆ ಸಂದಿಯೂ ಬೇಡ, ಮರವೇ ದಾರಿ.

ಇಲ್ಲಿ ಎಲ್ಲರಿಗೂ ಮೊದಲು ಹೊಳೆಯುವುದು ಥರ್ಮೋಕೋಲ್. ಅದಕ್ಕೆ ತೂಕವಿಲ್ಲ, ಶಬ್ದ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಕಾರ್ಪೆಟ್ ಹೀಲ್ಸಿನ ಟಕಟಕ ಕುಡಿದರೂ ಧಡಧಡವನ್ನು ಬಿಡುತ್ತದೆ, ಆಟಿ ತಿಂಗಳ ಮಳೆಯಲ್ಲಿ ಬೂಷ್ಟು ಹಿಡಿಯುತ್ತದೆ. 50 ಮಿಮೀ ಕಾಂಕ್ರೀಟ್ ಸುರಿದರೋ, ಚದರ ಮೀಟರಿಗೆ 120 ಕೆಜಿ: ಒರಲೆ ತಿಂದ ಜಂತಿಯ ಮೇಲೆ ಇಬ್ಬರು ಶಾಶ್ವತವಾಗಿ ನಿಂತ ಹಾಗೆ. ಜಂತಿಯನ್ನು, ಮುಖ್ಯವಾಗಿ ಗೋಡೆಯೊಳಗೆ ಕೂತ ಅದರ ತುದಿಯನ್ನು, ಇಂಜಿನಿಯರ್ ಕುತ್ತಿ ನೋಡದೆ ಯಾವ ಭಾರವೂ ಬೇಡ.

ಸರಿ ಕ್ರಮ ಹೀಗೆ. ಹಲಗೆಯ ಸಂದಿಗೆ ಅಕೌಸ್ಟಿಕ್ ಸೀಲೆಂಟ್ (ಒಣಗಿದರೂ ಮೆತ್ತಗಿರುವ, ಶಬ್ದ ತಡೆಯುವ ಅಂಟು) ತುಂಬಬೇಕು. ಪುಟ್ಟಿ ಆಗದು, ಮಳೆಗೆ ಉಬ್ಬಿ ಬೇಸಗೆಗೆ ಕುಗ್ಗುವ ಮರದ ಜತೆ ಅದು ಬಿರಿಯುತ್ತದೆ. ಮೇಲೆ 10 ಮಿಮೀ ರಬ್ಬರ್ ಮ್ಯಾಟ್, ಅದರ ಮೇಲೆ 12 ಮಿಮೀ ಸಿಮೆಂಟ್ ಬೋರ್ಡು ಎರಡು ಪದರ, ಜೋಡಣೆಗಳು ಒಂದರ ಮೇಲೊಂದು ಬಾರದಂತೆ. ಗೋಡೆಯ ಸುತ್ತ 10 ಮಿಮೀ ಬಿಟ್ಟು ಫೋಮ್ ಪಟ್ಟಿ. ಎರಡು ಬೋರ್ಡಿನ ನಡುವೆ ಅಂಟು, 20 ಮಿಮೀ ಸ್ಕ್ರೂ.

ಎಡವಟ್ಟು ಆಗುವುದು ಈ ಸ್ಕ್ರೂವಿನಲ್ಲೇ. "ಅಲ್ಲಾಡ್ತದೆ ಮಾರಾಯ್ರೆ, ಗಟ್ಟಿ ಇರ್ಲಿ" ಎಂದು ಮರಗೆಲಸದ ಆಚಾರ್ರು 50 ಮಿಮೀದು ಇಳಿಸುತ್ತಾರೆ. ಅದು ರಬ್ಬರ್ ದಾಟಿ ಹಲಗೆ ಮುಟ್ಟಿತೆಂದರೆ ಹೆಜ್ಜೆಗೆ ಮತ್ತೆ ಸೇತುವೆ ಸಿದ್ಧ. ಅಲ್ಲಾಡಲಿ ಎಂದೇ ಅಷ್ಟು ದುಡ್ಡು ಕೊಟ್ಟದ್ದು ಎಂದರೆ ಅವರು ನಂಬುವುದಿಲ್ಲ.

ಕೆತ್ತನೆಯ ಮುಚ್ಚಿಗೆ (ಮರದ ಸೀಲಿಂಗ್) ಇದ್ದರೆ ಕೆಳಗಿನಿಂದ ಕೈ ಹಾಕಬಾರದು. ಇಲ್ಲವಾದರೆ ಜಂತಿಗಳ ನಡುವೆ 50 ಮಿಮೀ ರಾಕ್‌ವುಲ್ (ಕಲ್ಲಿನ ನಾರಿನ ಹಾಸು), ತುರುಕದೆ. ರಬ್ಬರ್ ಹ್ಯಾಂಗರಿನಲ್ಲಿ ತೂಗುವ ಎರಡು ಪದರ ಜಿಪ್ಸಮ್ ಬೋರ್ಡು. ಎಲ್ಲ ಮುಗಿದ ಮೇಲೆ ಎಲೆಕ್ಟ್ರಿಷಿಯನ್ ಬಂದು ಅಚ್ಚುಕಟ್ಟಾಗಿ ಎಂಟು ಗುಂಡನೆಯ ತೂತು ಕೊರೆದು ಲೈಟು ಕೂರಿಸುತ್ತಾನೆ, ಶಬ್ದ ಆ ತೂತಿನಲ್ಲೇ ಇಳಿಯುತ್ತದೆ. ಗೋಡೆಗೆ ಹಾಕುವ ಲೈಟು ಪೇಟೆಯಲ್ಲಿ ಸಿಗುತ್ತದೆ.

ಮೇಲಿನ ಕೋಣೆಗಳ ನಡುಗೋಡೆ ಹಂಚಿನವರೆಗೆ ಹೋಗುವುದಿಲ್ಲ ಎಂಬುದು ಯಾರಿಗೂ ನೆನಪಿರುವುದಿಲ್ಲ. ಹಂಚು ಹೊರುವ ಪಕ್ಕಾಸಿನ ಅಡಿಯಿಂದ ಪಕ್ಕದವರ ಗೊರಕೆ ಸೀದಾ ಬರುತ್ತದೆ. ಗೋಡೆ ಏರಿಸಬೇಕು, ಇಲ್ಲ ಪ್ರತಿ ಕೋಣೆಗೂ ಬೇರೆ ಸೀಲಿಂಗ್ ಬೇಕು.

ಪರೀಕ್ಷೆಯನ್ನು ಜುಲೈಯಲ್ಲಿ ಮಾತ್ರ ಮಾಡಬೇಡಿ. ಹಂಚಿನ ಮೇಲೆ ಮಳೆ ಹೊಡೆಯುವಾಗ ಯಾವ ನೆಲವೂ ಪಾಸು. ದೂರು ಬರುವುದು ಡಿಸೆಂಬರಿನಲ್ಲಿ, ಕೋಣೆ ತುಂಬಿದಾಗ. ಒಣ ದಿನ ಫ್ಯಾನ್, ಏಸಿ ಆರಿಸಿ ಒಬ್ಬರು ಕೆಳಗೆ ಮಲಗಲಿ. ಮೇಲೆ ಒಬ್ಬರು ಹಿಮ್ಮಡಿ ಊರಿ ನಡೆಯಲಿ, ಆಮೇಲೆ ಸೂಟ್‌ಕೇಸು. ಖಾಲಿಯದ್ದಲ್ಲ, ತುಂಬಿದ್ದು.