ಅಜ್ಜಯ್ಯನ ಕೋವಿಗೆ ಚೊಗರು

ಮಲೆನಾಡಿನ ಕೇಪಿನ ಕೋವಿಗಳು ಓಡಿಸಿದ ಹಂದಿಗಿಂತ ಸವೆಸಿದ ಚಪ್ಪಲಿ ಹೆಚ್ಚು. ಬೆಳೆ ರಕ್ಷಣೆಗೆಂದು ಕೊಟ್ಟ ಲೈಸೆನ್ಸು. ಅದರ ನವೀಕರಣಕ್ಕೆ ಅಲೆಯಬೇಕು, ಚುನಾವಣೆ ಬಂತೆಂದರೆ ಕೋವಿಯನ್ನು ಠೇವಣಿ ಇಡಬೇಕು. ನಮ್ಮದು 2023ರ ಮೇನಲ್ಲಿ ವಿಧಾನಸಭೆಗೆ ಹೋಗಿ ಬಂತು, 2024ರ ಮೇನಲ್ಲಿ ಲೋಕಸಭೆಗೆ. ಇಷ್ಟು ನಿಷ್ಠೆಯಿಂದ ಚುನಾವಣೆಗೆ ಹೋಗುವವರು ಮನೆಯಲ್ಲಿ ಬೇರೆ ಯಾರೂ ಇಲ್ಲ.

ಎರಡನೇ ಸಲ ವಾಪಸ್ ಬರುವಾಗ ತೀರ್ಥಹಳ್ಳಿಯಲ್ಲಿ ಮಳೆ ಹಿಡಿದಿತ್ತು. ಆಯುಧಪೂಜೆಗೆ ಅಟ್ಟದಿಂದ ಇಳಿಸಿದರೆ ನಳಿಗೆಗೆ ತುಕ್ಕು, ಕೇಪಿಗೆ ಬಡಿಯುವ ಕುದುರೆ ಜಪ್ಪಯ್ಯ ಅನ್ನುತ್ತಿಲ್ಲ. ಅದರ ಸಂದಿಯಲ್ಲಿ ಹಳೇ ಪೂಜೆಗಳ ಕುಂಕುಮವೆಲ್ಲ ಗಟ್ಟಿಯಾಗಿ ಕೂತಿದೆ. ಮರದ ಹಿಡಿ ಬಿರುಕು ಬಿಟ್ಟಾಗ ಅಜ್ಜಯ್ಯ ಸುತ್ತಿದ್ದ ತಾಮ್ರದ ತಂತಿ ಹಸಿರುಗಟ್ಟಿದೆ.

“ಅಪ್ಪಯ್ಯನ ನೆನಪು ಅಂತ ಇರದು ಇದೊಂದೇ. ರಿಪೇರಿ ಮಾಡಿಸ್ಬೇಕು ಮಾರಾಯ,” ಅಂದರು ದೊಡ್ಡಪ್ಪ.

ಬಾಯಿಂದ ಮದ್ದು ತುಂಬುವ ಕೋವಿಯಲ್ಲಿ ಈಡು, ಅಂದರೆ ತುಂಬಿಟ್ಟ ಮದ್ದುಗುಂಡು, ಇದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ. ಮದ್ದು ಗಿಡಿಯುವ ಸರಳಾದ ಗಜವನ್ನು ಒಳಗೆ ಇಳಿಸಿ, ನಳಿಗೆಯ ಬಾಯಿಗೆ ಸರಿಯಾಗಿ ಬೆರಳಿಟ್ಟು ಗುರುತು ಹಿಡಿದು, ಆಮೇಲೆ ಅದನ್ನೇ ಹೊರಗೆ ನಳಿಗೆಯ ಪಕ್ಕ ಇಟ್ಟು ಅಳೆಯಬೇಕು. ದೊಡ್ಡಪ್ಪ ಅಳೆದರು. ತಳ ಮುಟ್ಟಲು ಒಂದು ಗೇಣು ಇರುವಾಗಲೇ ಗಜ ನಿಂತಿತ್ತು.

ಅಜ್ಜಯ್ಯ ಹೋದಮೇಲೆ ಮನೆಯಲ್ಲಿ ಯಾರೂ ಮದ್ದು ಮುಟ್ಟಿದವರಲ್ಲ. ಅಂದರೆ ಇದು ಅವರೇ ತುಂಬಿಟ್ಟ ಈಡು! ವರ್ಷಾವರ್ಷ ನಾವು ಇದರೆದುರು ಊದುಬತ್ತಿ ಹಚ್ಚಿದ್ದೇವೆ, ಮೂತಿಯ ಹತ್ತಿರವೇ ಕರ್ಪೂರದಾರತಿ ಎತ್ತಿದ್ದೇವೆ. ಅಮ್ಮ ಉರಿಯುವ ಆರತಿ ತಟ್ಟೆ ಹಿಡಿದುಕೊಂಡೇ ಹಿಂದೆ ಹಿಂದೆ ಸರಿದು ಅಡುಗೆಮನೆ ಸೇರಿದರು.

ಕೋವಿ ಬಿಚ್ಚುವುದು ಲೈಸೆನ್ಸ್ ಇದ್ದ ರಿಪೇರಿಯವರ ಕೆಲಸ. ಅಪ್ಪ ಕಾಗದಪತ್ರ ಹಿಡಿದು ಶಿವಮೊಗ್ಗಕ್ಕೆ ಹೊರಟರು. ಜೀಪಿನಲ್ಲಿ ಮೂತಿ ಯಾರ ಕಡೆ ಇರಬೇಕೆಂಬ ಚರ್ಚೆ ಮಂಡಗದ್ದೆವರೆಗೂ ಮುಗಿಯಲಿಲ್ಲ. ರಿಪೇರಿಯವನು ಹಿಂಬದಿ ಬಿಚ್ಚಿ ಕೆರೆದ. ಬಿದ್ದದ್ದು ಕೆಂಪು ಮಣ್ಣು, ಅದರೊಳಗೆ ಒಣಗಿದ ಜೇಡಗಳು. ಕುಂಬಾರ ಹುಳ ಗೂಡು ಕಟ್ಟಿ ಮರಿಗಳಿಗೆ ಬುತ್ತಿ ಇಟ್ಟು ಹೋಗಿತ್ತು. “ನಿಮ್ಮಜ್ಜ ಜೇಡನ ಶಿಕಾರಿ ಮಾಡ್ತಿದ್ರಾ ಸಾರ್?” ಅಂದನಂತೆ.

ಕೋವಿ ಫಳಫಳ ಹೊಳೆಯುತ್ತ ಬಂತು. ತುಕ್ಕಿಲ್ಲ, ಕುಂಕುಮವಿಲ್ಲ, ಬಿರುಕಿಗೆ ಅಂಟು ಹಾಕಿ ತಂತಿಯನ್ನೂ ಕಿತ್ತೆಸೆದಿದ್ದ. ದೀಪಾವಳಿಗೆ ಬಂದ ಅತ್ತೆ ಅದನ್ನೇ ದಿಟ್ಟಿಸಿದರು. “ಇದು ಯಾರ ಮನೇದು? ಅಪ್ಪಯ್ಯ ಸುತ್ತಿದ್ದ ತಂತಿ ಎಲ್ಲೋ ಅಣ್ಣಯ್ಯ?”

“ತೊಳೆಯಕ್ಕೆ ಬಿಚ್ಚಿಟ್ಟಿದೀನಿ,” ಅಂದರು ದೊಡ್ಡಪ್ಪ.

ಆ ರಾತ್ರಿಯೇ ಪುನಃ ರಿಪೇರಿ. ಹಿಡಿಗೆ ಹಳೇ ಬಣ್ಣ ಬರಲೆಂದು ದೊಡ್ಡಪ್ಪ ಅಡಿಕೆ ಬೇಯಿಸಿದ ಕೆಂಪು ರಸ, ಅದೇ ಚೊಗರು, ಬಳಿದರು. ಮರಕ್ಕೆ ಬಣ್ಣವೇನೋ ಚೆನ್ನಾಗಿ ಹಿಡಿಯಿತು, ಕಬ್ಬಿಣದ ಮೇಲೆ ಸೋರಿದ್ದು ಮಾತ್ರ ಬೆಳಗಾಗುವುದರೊಳಗೆ ಕಪ್ಪು ಮಸಿಯಾಗಿತ್ತು. “ಅಡಿಕೆ ಸುಲಿಯೋರ ಕೈ ನೋಡಿದ್ರೂ ಗೊತ್ತಾಗಲ್ವನಾ ಇವ್ರಿಗೆ!” ಅಂತ ಅಮ್ಮ. ನನಗೆ ಕೇಳಿದರೆ, ಕೋವಿಗೆ ತುಸು ಕಳೆ ಬಂದಿದ್ದೇ ಆ ಮಸಿಯಿಂದ. ತಂತಿಗೆ, ಸುಟ್ಟು ರಿವೈಂಡಿಂಗಿಗೆ ಬಿಚ್ಚಿಟ್ಟಿದ್ದ ಪಂಪ್‌ಸೆಟ್ ಮೋಟಾರು ಒದಗಿತು.

ಬೆಳಿಗ್ಗೆ ಅತ್ತೆ ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ತಂತಿ ಸವರಿದರು. ಅಜ್ಜಯ್ಯ ಅದನ್ನು ಯಾವ ಜಗಲಿಯಲ್ಲಿ ಕೂತು ಸುತ್ತಿದರು, ಆವತ್ತು ಏನು ಅಡುಗೆ, ಎಲ್ಲ ಹೇಳಿದರು.

“ಆಗಿನ ಕಾಲದ ಮಾಲು ನೋಡು, ಎಷ್ಟು ಗಟ್ಟಿ,” ಅಂದರು.

ದೊಡ್ಡಪ್ಪ ಪಂಪ್‌ಸೆಟ್ ನೋಡಿ ಬರುತ್ತೇನೆಂದು ತೋಟಕ್ಕೆ ಹೋದರು.