ಅರ್ಧ ಸಿನಿಮಾ, ಪೂರ್ತಿ ವಿಮರ್ಶೆ

ಜುಲೈ ತಿಂಗಳಲ್ಲಿ ಕೊಡಗಿನಿಂದ ಹೊರಡುವ ಸಿನಿಮಾ ವಿಮರ್ಶೆಗಳನ್ನು ಒಟ್ಟಿಗೆ ಓದಿ ನೋಡಿ. ಚಿತ್ರ ಯಾವ ಭಾಷೆಯದ್ದಾದರೂ ಕಾಯಿಲೆ ಒಂದೇ. ‘ಕಥೆಗೆ ಓಟವಿಲ್ಲ, ಸೆಕೆಂಡ್ ಹಾಫ್ ಲ್ಯಾಗು, ಕ್ಯಾಮೆರಾ ಸಪ್ಪೆ, ಡೈಲಾಗ್ ಕೇಳಿಸಲ್ಲ.’ ಬರೆದವರು ಸುಳ್ಳು ಹೇಳುವವರಲ್ಲ, ಕಂಡದ್ದನ್ನೇ ಬರೆದಿದ್ದಾರೆ. ಕಂಡದ್ದು ಮಾತ್ರ ಸಿನಿಮಾ ಅಲ್ಲ, ಮಳೆಗಾಲ.

ಮರ ಬಿದ್ದು ಲೈನ್ ಹೋಯಿತೆನ್ನಿ. ಮನೆಯ ಯುಪಿಎಸ್ ಮೂರ್ನಾಲ್ಕು ಗಂಟೆ ದಮ್ಮು ಹಿಡಿಯುತ್ತದೆ. ಮೊಬೈಲ್ ಟವರಿನ ಬ್ಯಾಟರಿಯದ್ದೂ ಹೆಚ್ಚು ಕಡಿಮೆ ಅಷ್ಟೇ ಆಯುಷ್ಯ. ಆಮೇಲೆ ಟವರಿಗೆ ಡೀಸೆಲ್ ಬರುವ ತನಕ ನಾಯಕ ಎತ್ತಿದ ಕೈ ಎತ್ತಿದ ಹಾಗೇ ನಿಂತಿರುತ್ತಾನೆ. ಸೋಮವಾರ ರಾತ್ರಿ ಆದ ಕೊಲೆಗೆ ಗುರುವಾರ ಕೊಲೆಗಾರ ಸಿಗುತ್ತಾನೆ. ಅಷ್ಟರಲ್ಲಿ ಸತ್ತವನು ಯಾರೆಂಬುದೇ ಮರೆತಿರುತ್ತದೆ. ವಿಮರ್ಶಕರ ಭಾಷೆಯಲ್ಲಿ ಇದಕ್ಕೆ ‘ಚಿತ್ರಕಥೆಯಲ್ಲಿ ಹಿಡಿತವಿಲ್ಲ’ ಎಂದು ಹೆಸರು.

ಕ್ಯಾಮೆರಾ ಸಪ್ಪೆಯಾಗುವುದಕ್ಕೂ ಲೆಕ್ಕ ಇದೆ. ಎಚ್‌ಡಿಯಲ್ಲಿ ನೋಡಿದರೆ ಗಂಟೆಗೆ 3 ಜಿಬಿವರೆಗೂ ಡೇಟಾ ನುಂಗಬಹುದು. ಕೈಯಲ್ಲಿರುವುದು ದಿನಕ್ಕೆ 1.5 ಜಿಬಿಯ ಪ್ಯಾಕು, ಚಿತ್ರ ಎರಡೂವರೆ ಗಂಟೆಯದು. ಹಾಗಾಗಿ ‘ಡೇಟಾ ಸೇವರ್’ ಒತ್ತಲಾಗುತ್ತದೆ. ಡೇಟಾ ಕಡಿಮೆಯಾದಾಗ ಮೊದಲು ಕೆಡುವುದು ಕತ್ತಲೆಯ ದೃಶ್ಯ; ಕಪ್ಪೆಲ್ಲ ಚೌಕ ಚೌಕವಾಗಿ ಒಡೆದು, ಕಾಡಿನ ರಾತ್ರಿ ಬಚ್ಚಲುಮನೆಯ ಟೈಲ್ಸಿನಂತೆ ಕಾಣುತ್ತದೆ. ಛಾಯಾಗ್ರಾಹಕ ತಿಂಗಳುಗಟ್ಟಲೆ ನಿದ್ದೆಗೆಟ್ಟು ತೆಗೆದದ್ದನ್ನು ಆರಂಗುಲದ ಪರದೆಯಲ್ಲಿ ಹೀಗೆ ನೋಡಿ ಐದಕ್ಕೆ ಒಂದೂವರೆ ಸ್ಟಾರ್!

ಇನ್ನು ಮಾತು. ಐದು ಸ್ಪೀಕರು, ಒಂದು ವೂಫರಿಗೆಂದು ಮಾಡುವ 5.1 ಮಿಕ್ಸಿನಲ್ಲಿ ಸಂಭಾಷಣೆ ಹೆಚ್ಚಾಗಿ ನಡುವಿನ ಸ್ಪೀಕರಿನ ಪಾಲು, ಅಬ್ಬರವೆಲ್ಲ ಸುತ್ತಲಿನವುಗಳ ಪಾಲು. ಫೋನಿನ ಒಂದು ತೂತಿನಿಂದ ಎಲ್ಲವೂ ಒಟ್ಟಿಗೆ ನುಗ್ಗುವಾಗ ಮಾತು ಅಡಿಗೆ ಬೀಳುತ್ತದೆ. ಮೇಲಿಂದ ಜಿಂಕ್ ಶೀಟಿನ ಮೇಲೆ ಮಳೆಯ ಡೋಲು. ಪರಿಹಾರ ಇಲ್ಲವೆಂದಲ್ಲ: ಸಿಗ್ನಲ್ ಇರುವ ಜಾಗದಲ್ಲಿ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ, ಆಡಿಯೊವನ್ನು 5.1ರಿಂದ ಸ್ಟೀರಿಯೊಗೆ ಬದಲಿಸಿ, ಇಯರ್‌ಫೋನ್ ಸಿಕ್ಕಿಸಿ. ಆದರೆ ಇಷ್ಟೆಲ್ಲ ಮಾಡಿದರೆ ಬೈಯಲು ಏನು ಉಳಿಯಿತು?

ಮಲ್ಟಿಪ್ಲೆಕ್ಸಿನಲ್ಲೇ ನೋಡುತ್ತೇವೆ ಎನ್ನುವವರ ಅಭಿಪ್ರಾಯ ಬೇರೆ. ಮಡಿಕೇರಿಯಿಂದ ಮೈಸೂರಿಗೆ ಹೋಗಿ ಬರಲು ಸುಮಾರು 240 ಕಿಲೋಮೀಟರ್. ಲೀಟರಿಗೆ 15 ಕೊಡುವ ಕಾರಿಗೆ 16 ಲೀಟರ್ ಪೆಟ್ರೋಲ್ ಬೇಕು. 16 ಲೀಟರ್ ಸುಟ್ಟು ನೋಡಿದ ಚಿತ್ರವನ್ನು ಕೆಟ್ಟದೆಂದು ಒಪ್ಪಿಕೊಳ್ಳುವ ಎದೆಗಾರಿಕೆ ಯಾವ ಗಂಡಸಿಗಿದೆ? ‘ಫ್ಯಾಮಿಲಿ ಸಮೇತ ನೋಡಬಹುದು.’ ಸಮೇತ ಹೋದವರು ಹಿಂದಿನ ಸೀಟಿನಲ್ಲಿ ಕುಶಾಲನಗರ ಬರುವ ತನಕ ತುಟಿ ಬಿಚ್ಚಿರುವುದಿಲ್ಲ, ಅದು ಬೇರೆ ವಿಷಯ.

ನಮ್ಮವರು ನಿಜವಾದ ಪಂಡಿತರಾಗುವುದು ಚಿತ್ರದಲ್ಲಿ ಕೊಡಗು ಬಂದಾಗ. ಆಗ ಕಥೆ ಯಾರಿಗೆ ಬೇಕು! ರಿಮೋಟು ಕೈಗೆ ಬರುತ್ತದೆ, ಚಿತ್ರ ನಿಲ್ಲುತ್ತದೆ, ವಿಚಾರಣೆ ಶುರು. ಕೊಡವ ಮದುವೆ ಎನ್ನುತ್ತಾರೆ, ಮದುಮಗಳ ಸೀರೆಯ ನಿರಿಗೆ ಮುಂದಿದೆ. ಅದು ಹಿಂದಿರಬೇಕು, ಸೆರಗು ಬಲ ಹೆಗಲ ಮೇಲೆ ಬಂದು ಪಿನ್ನಾಗಬೇಕು. ಮದುಮಗನಿಗೆ ಕಪ್ಪು ಕುಪ್ಯ, ಅಂದರೆ ಕೊಡವರ ನಿಲುವಂಗಿ, ತೊಡಿಸಿದ್ದಾರೆ, ಅವನದು ಬಿಳಿ. ಪುರೋಹಿತರು ಹೋಮಕ್ಕೆ ತುಪ್ಪ ಸುರಿಯುತ್ತಿದ್ದಾರೆ. ಇಲ್ಲಿ ಹಿರಿಯರು ಅಕ್ಕಿ ಹಾಕಿ ಹರಸುತ್ತಾರೆ, ಹೋಮದ ಮಾತೇ ಇಲ್ಲ. ತಟ್ಟೆಯಲ್ಲಿ ಪಂದಿ ಕರಿ, ಅಂದರೆ ಹಂದಿ ಮಾಂಸದ ಸಾರು, ಕೆಂಪಗೆ ಹೊಳೆಯುತ್ತಿದೆ. ಕಾಚಂಪುಳಿ ಎಂಬ ನಮ್ಮ ಕಪ್ಪು ಹುಳಿ ಬಿದ್ದ ಕರಿ ಕಪ್ಪಾಗದೆ ಇರುತ್ತದೆಯೇ? ಮುಂಜಾನೆಯ ಮಂಜು ಹಾಡಿನ ಉದ್ದಕ್ಕೂ ಒಂದೇ ಮೂಲೆಯಿಂದ ಹೊರಡುತ್ತಿದೆ, ಆ ಮೂಲೆಯಲ್ಲಿ ಹೊಗೆ ಮಿಷನ್ ಇದೆ. ನಾಯಕಿ ಮಳೆಯಲ್ಲಿ ತೋಟದ ಹುಲ್ಲಿನ ಮೇಲೆ ಉರುಳುತ್ತಾಳೆ, ಮೈಮೇಲೆ ಒಂದು ಜಿಗಣೆಯೂ ಇಲ್ಲ. ಇದೊಂದನ್ನು ಕ್ಷಮಿಸುವುದು ಕಷ್ಟ.

ಎಲ್ಲಕ್ಕಿಂತ ದೊಡ್ಡ ಕೇಸು ಕಾಫಿಯದು. ನಾಯಕ ಕೆಂಪು ಹಣ್ಣು ಕೊಯ್ಯುತ್ತಾನೆ, ತಿರುಗಿ ನೋಡಿದರೆ ಪಕ್ಕದ ಸಾಲಿನಲ್ಲಿ ಬಿಳಿ ಹೂ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ರೋಬಸ್ಟಾ ಅದರ ಬೆನ್ನಿಗೆ. ಹೂ ಬರುವುದು ಕೊಯ್ಲಾದ ಮೇಲೆ, ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ; ಅರಳಿದ್ದು ಎರಡು ಮೂರು ದಿನದಲ್ಲಿ ಬಾಡುತ್ತದೆ. ಹಿಂದಾದರೆ ನಿರ್ದೇಶಕನನ್ನು ಇಷ್ಟಕ್ಕೇ ಗಡಿಪಾರು ಮಾಡಬಹುದಿತ್ತು. ಈಗೀಗ ಜನವರಿಯಲ್ಲೇ ಅಕಾಲ ಮಳೆ ಬಿದ್ದು, ಹಣ್ಣಿರುವ ಗಿಡದಲ್ಲೇ ಹೂ ಒಡೆದು, ಕೊಯ್ಯಲೂ ಆಗದೆ ಬಿಡಲೂ ಆಗದೆ ಬೆಳೆಗಾರ ಒದ್ದಾಡುತ್ತಾನೆ. ಸಿನಿಮಾದವರ ಅಜ್ಞಾನವನ್ನು ಹವಾಮಾನವೇ ಬಂದು ನಿಜ ಮಾಡಿಕೊಟ್ಟಿದೆ.

ಇಷ್ಟೊಂದು ತಪ್ಪು ಹಿಡಿದ ಮಹನೀಯರನ್ನು ‘ಕಥೆ ಏನು ಸ್ವಾಮಿ?’ ಎಂದು ಕೇಳಿದರೆ ‘ಏನೋ ಲವ್ ಸ್ಟೋರಿ ಇರಬೇಕು’ ಎನ್ನುತ್ತಾರೆ.

ಟಿಕೆಟ್ ಮಾರುವ ಆ್ಯಪಿನಲ್ಲಿ ಕೆಲವು ಚಿತ್ರಗಳ ಕೆಳಗೆ, ಕೋರ್ಟ್ ಆದೇಶದಂತೆ ರೇಟಿಂಗ್ ಮತ್ತು ವಿಮರ್ಶೆ ನಿಲ್ಲಿಸಲಾಗಿದೆ ಎಂಬ ಸಾಲು ಕಾಣುತ್ತದೆ. ನಿರ್ಮಾಪಕರು ಅಲ್ಲಿಗೆ ಗೆದ್ದೆವೆಂದುಕೊಂಡಿದ್ದಾರೆ. ಒಕ್ಕದ, ಅಂದರೆ ಕೊಡವ ಮನೆತನದ, ವಾಟ್ಸಾಪ್ ಗ್ರೂಪಿಗೆ ತಡೆಯಾಜ್ಞೆ ತರುವ ವಕೀಲ ಇನ್ನೂ ಹುಟ್ಟಿಲ್ಲ. ಅಲ್ಲಿ ಮುಂದಿನ ಶುಕ್ರವಾರದ ಚಿತ್ರದ ವಿಮರ್ಶೆ ಈಗಾಗಲೇ ಟೈಪಾಗಿದೆ. ಹೆಸರು ತುಂಬಿ ಕಳುಹಿಸುವುದಷ್ಟೇ ಬಾಕಿ. ಕಳುಹಿಸಲು ಸಿಗ್ನಲ್ ಬೇಕು, ಸಿಗ್ನಲ್ ಸಿಗುವುದು ತೋಟದ ಮೇಲಿನ ತಿರುವಿನಲ್ಲಿ. ಆ ತಿರುವಿನಲ್ಲಿ ಆನೆ ನಿಂತಿದೆ, ಯಾರೂ ಬರಬೇಡಿ ಎಂಬ ಮೆಸೇಜು ಫೋನಿಗೆ ಬರುವುದೂ ಅಲ್ಲಿಗೆ ಹೋಗಿ ನಿಂತ ಮೇಲೆಯೇ.