ಅನ್ನ ಹಾರುತ್ತಿದೆ, ಬೇಗ ಬನ್ನಿ

ಕಳೆದ ಬೇಸಿಗೆಯಲ್ಲಿ ನನ್ನ ಹೆಂಡತಿ ನಮ್ಮದೇ ಮನೆಯ ತಾರಸಿಯ ಮೇಲೆ ಮುಕ್ಕಾಲು ಗಂಟೆ ಸೆರೆಯಾಗಿದ್ದಳು. ಸಂಡಿಗೆ ಇಡಲು ಹೋಗಿದ್ದಳು. ಗಾಳಿಗೆ ಬಾಗಿಲು ಧಡಾರೆಂದು ಮುಚ್ಚಿಕೊಂಡಿತು, ಆ ಹೊಡೆತಕ್ಕೆ ಒಳಗಿನ ಚಿಲಕ ತಾನೇ ಬಿತ್ತು. ಅವಳ ಫೋನು ಅಡುಗೆಮನೆಯ ಕಟ್ಟೆಯ ಮೇಲಿತ್ತು. ನಾನು? ಸರಿಯಾಗಿ ಅವಳ ಕಾಲಡಿಯ ಕೋಣೆಯಲ್ಲಿ, ಕಿಟಕಿ ತೆರೆದುಕೊಂಡು, ಪೂರ್ತಿ ಎಚ್ಚರವಾಗಿ, ಕೈಯಲ್ಲಿ ಕೆಂಪು ಪೆನ್ನು ಹಿಡಿದು ಕೂತಿದ್ದೆ.

ಅವಳು "ರೀ" ಎಂದಳಂತೆ. ಮೊದಲು ಮಾಮೂಲಿ ದನಿಯಲ್ಲಿ, ಆಮೇಲೆ ಎಳೆದು "ರೀಈಈ" ಎಂದು, ಆಮೇಲೆ ಹಿಟ್ಟಿನ ಸೌಟಿನಿಂದ ನೀರಿನ ಪೈಪು ಬಡಿಯುತ್ತಾ. ಆ ಪೈಪು ನನ್ನ ಕಿಟಕಿಯ ಪಕ್ಕದಲ್ಲೇ ಇಳಿಯುತ್ತದೆ. ಎದುರುಮನೆಯ ಮೇಷ್ಟ್ರು ಹೊರಗೆ ಬಂದರು. ಪಕ್ಕದ ಮನೆಯ ನಾಯಿ ಬೊಗಳಿತು. ಸೊಪ್ಪಿನ ಗಾಡಿಯವನು "ದಂಟು, ಪಾಲಕ್, ಮೆಂತ್ಯ" ಎಂದು ಕೂಗುತ್ತಿದ್ದ ರೆಕಾರ್ಡು ನಿಲ್ಲಿಸಿ, ಮೈಕನ್ನು ಬಾಯಿಗೆ ಹಿಡಿದು, "ಸಾರ್, ಅಕ್ಕ ಮೇಲ್ಗಡೆ ಸಿಗಾಕ್ಕೊಂಡವ್ರೆ" ಎಂದು ನಾಲ್ಕು ಸಲ ಸಾರಿದ. ಮೂರನೇ ಕ್ರಾಸಿನವರಿಗೂ ಸುದ್ದಿ ಮುಟ್ಟಿತು. ಕೊನೆಗೆ ಮೇಷ್ಟ್ರೇ ಮೆಟ್ಟಿಲು ಹತ್ತಿ ಬಂದು ನನ್ನ ಹೆಗಲು ಹಿಡಿದು ಅಲುಗಾಡಿಸಿದರು. ನಾನು ತಲೆಯೆತ್ತದೆ, "ಒಂದು ನಿಮಿಷ ಮೇಷ್ಟ್ರೇ, ಈ ಪ್ಯಾರಾ ಮುಗಿಸಿಬಿಡ್ತೀನಿ" ಎಂದೆನಂತೆ.

ಕೆಳಗಿಳಿದು ಬಂದವಳು ಕೇಳಿದ್ದು ಒಂದೇ ಪ್ರಶ್ನೆ: "ಆ ಪ್ಯಾರಾದಲ್ಲಿ ಅಂಥದ್ದೇನಿತ್ತು?"

ಸುಳ್ಳು ಹೇಳಬಹುದಿತ್ತು. ಹೊಳೆಯಲಿಲ್ಲ. "ಮಧ್ಯರಾತ್ರಿ ಅನ್ನೋದು ಮದ್ಯರಾತ್ರಿ ಆಗಿತ್ತು ಕಣೇ" ಎಂದೆ.

"ಒಂದು ಅಕ್ಷರದ ಹೊಟ್ಟೆ ಸೀಳೋದಕ್ಕೆ ನನ್ನನ್ನ ಸಂಡಿಗೆ ಥರ ಒಣಗಿಸಿದ್ರಲ್ರೀ!"

ನಾನು ಕರಡು ತಿದ್ದುವವನು. ಪ್ರೂಫ್ ರೀಡರ್ ಎಂದರೆ ಸ್ವಲ್ಪ ಗೌರವ ಹೆಚ್ಚು, ಸಂಬಳ ಅಷ್ಟೇ. ಮೈಸೂರಿನಲ್ಲಿ ಪುಸ್ತಕ ಬರೆಯುವವರಿಗೆ ಬರವಿಲ್ಲವಾದ್ದರಿಂದ ನನಗೆ ಕೆಲಸಕ್ಕೆ ಬರವಿಲ್ಲ. ಅದರಲ್ಲೂ ಅಕ್ಟೋಬರ್ ಕಳೆಯಿತೆಂದರೆ ರಾಜ್ಯೋತ್ಸವಕ್ಕೊಂದು, ವರ್ಷ ಮುಗಿಯುವುದರೊಳಗೆ ಇನ್ನೊಂದು ಎಂದು ಎಲ್ಲರಿಗೂ ಒಟ್ಟಿಗೆ ಅವಸರ ಹುಟ್ಟುತ್ತದೆ.

ಹೊರಗಿನವರು ತಿಳಿಯುವುದು, ಇವನಿಗೇನು, ಕೂತು ಪುಸ್ತಕ ಓದುವ ಪುಣ್ಯವಂತ ಎಂದು. ಓದಿದರೆ ಕೆಟ್ಟೆವು! ಅರ್ಥಕ್ಕೆ ಮನಸ್ಸು ಕೊಟ್ಟ ಕ್ಷಣವೇ ಕಣ್ಣು ಮೋಸ ಮಾಡುತ್ತದೆ. ಪದ ಹೇಗಿರಬೇಕೋ ಹಾಗೆ ಕಾಣುತ್ತದೆ, ಹೇಗಿದೆಯೋ ಹಾಗಲ್ಲ. ಒಬ್ಬ ಲೇಖಕರು ಅರಿಕೆಯಲ್ಲಿ ತಮ್ಮ ಗುರುಗಳಿಗೆ "ನಾನು ಸದಾ ಕೃತಘ್ನ" ಎಂದು ಬರೆದಿದ್ದರು. ಅವರೂ ಓದಿದ್ದರು, ಅವರ ಹೆಂಡತಿ ಓದಿದ್ದರು, ಪ್ರಕಾಶಕರು ಓದಿದ್ದರು, ಸ್ವತಃ ಆ ಗುರುಗಳೇ ಓದಿ ಕಣ್ಣೊರೆಸಿಕೊಂಡಿದ್ದರು. ಎಲ್ಲರಿಗೂ ಅದು "ಕೃತಜ್ಞ" ಎಂದೇ ಕಂಡಿತ್ತು. ಅದಕ್ಕೇ ನಾವು ಒಮ್ಮೊಮ್ಮೆ ಪುಟವನ್ನು ಕೊನೆಯ ಸಾಲಿನಿಂದ ಮೇಲಕ್ಕೆ ಓದುತ್ತೇವೆ, ಅರ್ಥ ಹತ್ತಿರ ಸುಳಿಯಬಾರದೆಂದು. ಕಾದಂಬರಿಯೊಂದನ್ನು ಮೂರು ಸಲ ತಿದ್ದಿದ ಮೇಲೂ ನಾಯಕ ಸತ್ತನೋ ಬದುಕಿದನೋ ನನಗೆ ಗೊತ್ತಿರುವುದಿಲ್ಲ. ಅವನ ಒತ್ತಕ್ಷರಗಳೆಲ್ಲ ಕ್ಷೇಮವಾಗಿರುತ್ತವೆ, ಅಷ್ಟೇ.

ಈ ಕಿವಿ ಮುಚ್ಚಿಕೊಳ್ಳುವ ವಿದ್ಯೆ ನನಗೆ ಅಂಟಿದ್ದು 1994ರಲ್ಲಿ. ನಾನು ಸೇರಿದ ಮುದ್ರಣಾಲಯದಲ್ಲಿ ಇನ್ನೂ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ನನ್ನ ಮೇಜಿಗೆ ಮೂರು ಅಡಿ ದೂರದಲ್ಲಿ ಟ್ರೆಡಲ್ ಯಂತ್ರ, ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಧಡಕ್ ಧಡಕ್. ಅಲ್ಲಿ ಯಾರೂ ಯಾರನ್ನೂ ಬಾಯಲ್ಲಿ ಕರೆಯುತ್ತಿರಲಿಲ್ಲ. ಮಾಲೀಕರಿಗೆ ನಾನು ಬೇಕಾದರೆ ಕಾಗದದ ಉಂಡೆ ಮಾಡಿ ತಲೆಗೆ ಎಸೆಯುತ್ತಿದ್ದರು. ಗುರಿ ಚೆನ್ನಾಗಿತ್ತು. ಕರೆಂಟು ಹೋಗಿ ಯಂತ್ರ ನಿಂತರೆ ಮಾತ್ರ ನಾನು ಬೆಚ್ಚಿಬೀಳುತ್ತಿದ್ದೆ. ಈಗ ಮೊಳೆಯೂ ಇಲ್ಲ, ಟ್ರೆಡಲ್ಲೂ ಇಲ್ಲ. ಕಂಪ್ಯೂಟರಿನಲ್ಲಿ 'ನುಡಿ' ತಂತ್ರಾಂಶದ ಅಕ್ಷರದಿಂದ ಯೂನಿಕೋಡಿಗೆ ದಾಟುವಾಗ ಅರ್ಕಾವತ್ತುಗಳು ದಿಕ್ಕು ತಪ್ಪಿ ಅಲೆಯುತ್ತವೆ, ಅವನ್ನು ಹಿಡಿದು ಮನೆಗೆ ಸೇರಿಸುವುದೇ ಕೆಲಸ. ಕಿವಿ ಮಾತ್ರ ಇನ್ನೂ 1994ರಲ್ಲೇ ಇದೆ.

ಗ್ಯಾಸ್ ಸಿಲಿಂಡರಿನ ಕತೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಸಿಲಿಂಡರ್ ತಂದವನಿಗೆ ಒಟಿಪಿ ಹೇಳಬೇಕು, ಅದು ಬರುವುದು ನನ್ನ ಫೋನಿಗೆ. ಹೆಂಡತಿ ಗೇಟಿನಿಂದ ಕೂಗಿದಳು, ಸಿಲಿಂಡರಿನವನು ಕೂಗಿದ, ಸಿಲಿಂಡರನ್ನೇ ಎತ್ತಿ ನೆಲಕ್ಕೆ ಕುಕ್ಕಿದ. ಕೊನೆಗೆ ಅದನ್ನು ಮತ್ತೆ ಆಟೋಕ್ಕೆ ಹಾಕಿಕೊಂಡು ಹೋದ. ಎರಡು ದಿನ ಕರೆಂಟು ಒಲೆಯಲ್ಲಿ ಅಡುಗೆಯಾಯಿತು, ಅಂದರೆ ಎರಡು ದಿನ ಉಪ್ಪಿಟ್ಟು. ಕುಕ್ಕರಿನ ಕತೆಯನ್ನು ಹೇಳುವುದೇ ಇಲ್ಲ. "ಮೂರು ಸೀಟಿ ಆದ್ಮೇಲೆ ಆರಿಸಿ" ಎಂದು ಕರಡು ತಿದ್ದುವವನ ಕೈಗೆ ಒಲೆ ಒಪ್ಪಿಸಿ ಹೋದವರದ್ದೇ ತಪ್ಪು ಎಂಬುದು ನನ್ನ ಇಂದಿನ ಅಭಿಪ್ರಾಯವೂ ಹೌದು.

ತಾರಸಿಯ ಪ್ರಕರಣದ ಮಾರನೇ ವಾರ ನನ್ನನ್ನು ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ಆದರೆ ದೇಶದ ಮೂಲೆಮೂಲೆಯಿಂದ ನಿಜವಾದ ತೊಂದರೆ ಇರುವವರು ಬರುವ ಜಾಗಕ್ಕೆ "ನಮ್ಮ ಯಜಮಾನರು ಓಗೊಡಲ್ಲ" ಎಂದು ಹೋಗುವುದು ನಾಚಿಕೆಯೆನಿಸಿ, ಸಣ್ಣ ಕ್ಲಿನಿಕ್ಕೊಂದಕ್ಕೆ ಹೋದೆವು. ಅಲ್ಲಿ ಕಾಯುವಾಗ ಗೋಡೆಯ ಮೇಲೊಂದು ಫಲಕ ಕಂಡಿತು: "ಶ್ರವಣ ದೋಶವನ್ನು ನಿರ್ಲಕ್ಷಿಸಬೇಡಿ." ದೋಶ! ನಾನು ಆ ಫಲಕವನ್ನು ಮೇಲಿನಿಂದ ಕೆಳಗೆ ನೋಡುತ್ತಾ ಹೋದೆ. ಏಳು ತಪ್ಪು ಸಿಕ್ಕವು. ಎಂಟನೆಯದರ ಬಗ್ಗೆ ಅನುಮಾನವಿತ್ತು. ಅಷ್ಟರಲ್ಲಿ ಹೆಂಡತಿ ಪಕ್ಕೆಗೆ ತಿವಿದಳು. ನರ್ಸು ನನ್ನ ಹೆಸರನ್ನು ಮೂರು ಸಲ ಕರೆದು, "ಇವರಿಗೆ ತುಂಬಾನೇ ಕಮ್ಮಿ ಅನ್ಸುತ್ತೆ, ನೇರ ಟೆಸ್ಟಿಗೇ ಕಳಿಸ್ತೀನಿ" ಎಂದು ಚೀಟಿ ಬರೆಯುತ್ತಿದ್ದಳು.

ಸದ್ದು ನುಗ್ಗದ ಪುಟ್ಟ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನು ಹಾಕಿದರು. ಕುಂಯ್ ಎಂದರೆ ಗುಂಡಿ ಒತ್ತಬೇಕು. ಓದುವುದಕ್ಕೆ ಏನೂ ಇರಲಿಲ್ಲವಾದ್ದರಿಂದ ಎಲ್ಲಾ ಕೇಳಿಸಿತು. ಸೊಳ್ಳೆ ಗುನುಗಿದಷ್ಟು ಸಣ್ಣದ್ದೂ ಕೇಳಿಸಿತು. 25 ಡೆಸಿಬಲ್ಲಿನೊಳಗೆ ಕೇಳಿಸಿದರೆ ಸರಿಯಾದ ಕಿವಿ ಎಂದು ಲೆಕ್ಕವಂತೆ, ನನ್ನದು ಎರಡೂ ಕಡೆ ಅದರೊಳಗೇ ಇತ್ತು. "ಅಭಿನಂದನೆಗಳು, ಏನೂ ತೊಂದರೆಯಿಲ್ಲ" ಎಂದರು ಡಾಕ್ಟರು.

ಅಷ್ಟು ಕೆಟ್ಟ ಸುದ್ದಿಯನ್ನು ನಮ್ಮ ಮನೆಗೆ ಯಾವ ಡಾಕ್ಟರೂ ಹೇಳಿರಲಿಲ್ಲ. ಕಿವುಡನೆಂದಿದ್ದರೆ ಅನುಕಂಪವಾದರೂ ಸಿಗುತ್ತಿತ್ತು. ಈಗ ಇಪ್ಪತ್ತೈದು ವರ್ಷದ ದಾಂಪತ್ಯದಲ್ಲಿ ನಾನು ಓಗೊಡದೇ ಹೋದ ಪ್ರತಿಯೊಂದು ಕರೆಯೂ ಮರುವಿಚಾರಣೆಗೆ ಬಂತು.

ನನ್ನ ಪರ ವಕಾಲತ್ತು ವಹಿಸಿದ್ದು ಮಗಳು. ಡಿಗ್ರಿಯಲ್ಲಿ ಮನಶ್ಶಾಸ್ತ್ರ ಓದುತ್ತಾಳೆ. ರಾತ್ರಿ ಊಟದ ಹೊತ್ತಿಗೆ ಪಾಠ ಶುರು ಮಾಡಿದಳು. 1953ರಲ್ಲಿ ಕಾಲಿನ್ ಚೆರಿ ಎಂಬ ಬ್ರಿಟಿಷ್ ವಿಜ್ಞಾನಿ ಜನರ ಎರಡು ಕಿವಿಗೂ ಬೇರೆ ಬೇರೆ ಮಾತು ಕೇಳಿಸಿ, ಒಂದು ಕಿವಿಯದ್ದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತಾ ಹೋಗಿ ಎಂದನಂತೆ. ಇನ್ನೊಂದು ಕಿವಿಯಲ್ಲಿ ಇಂಗ್ಲಿಷ್ ಹೋಗಿ ಜರ್ಮನ್ ಬಂದರೂ ಅವರಿಗೆ ಗೊತ್ತಾಗಲಿಲ್ಲವಂತೆ.

"ಇನ್ನೂ ಒಂದಿದೆ. 2015ರಲ್ಲಿ ಲಂಡನ್ನಿನವರು ಮೆದುಳನ್ನೇ ಅಳೆದು ನೋಡಿದ್ರು. ಕಣ್ಣಿಗೆ ಕಷ್ಟದ ಕೆಲಸ ಕೊಟ್ರೆ, ಸದ್ದಿಗೆ ಮೆದುಳು ಮಿಡಿಯೋದೇ ಕಮ್ಮಿ ಆಗುತ್ತಂತೆ. ಕೇಳಿಸಿಯೂ ಸುಮ್ನಿರೋದಲ್ಲಮ್ಮಾ, ಕೇಳಿಸೋದೇ ಇಲ್ಲ."

"ನೋಡಿದ್ಯಾ?" ಎಂದೆ. ಎನ್ನಬಾರದಿತ್ತು. ಅಲ್ಲಿಗೂ ನಿಲ್ಲಿಸದೆ ವಾಚಸ್ಪತಿ ಮಿಶ್ರರ ಕತೆ ಎತ್ತಿದೆ. ಶಂಕರಭಾಷ್ಯಕ್ಕೆ ವ್ಯಾಖ್ಯಾನ ಬರೆಯುತ್ತಾ ಎಷ್ಟು ಮುಳುಗಿಹೋಗಿದ್ದರೆಂದರೆ, ದಿನಾ ದೀಪಕ್ಕೆ ಎಣ್ಣೆ ಹಾಕುತ್ತಿದ್ದವಳು ತಮ್ಮ ಹೆಂಡತಿ ಎಂಬುದೇ ಬರಹ ಮುಗಿಯುವವರೆಗೆ ಅವರಿಗೆ ಗೊತ್ತಾಗಲಿಲ್ಲ, ಕೊನೆಗೆ ಪಶ್ಚಾತ್ತಾಪಪಟ್ಟು ಆ ಗ್ರಂಥಕ್ಕೆ ಅವಳ ಹೆಸರನ್ನೇ 'ಭಾಮತೀ' ಎಂದು ಇಟ್ಟರು ಎನ್ನುತ್ತಾರೆ.

ಹೆಂಡತಿ ಸಾರು ಬಡಿಸುತ್ತಾ, "ನನ್ನ ಹೆಸರು ಪುಸ್ತಕಕ್ಕೆ ಇಡೋದೇನೂ ಬೇಡ. ಗ್ಯಾಸಿನ ಒಟಿಪಿ ಹೇಳಿ, ಸಾಕು" ಎಂದಳು.

ಮಗಳಿಗೆ ಹೆಸರು ಎನ್ನುತ್ತಲೇ ಇನ್ನೊಂದು ನೆನಪಾಯಿತು. 1959ರಲ್ಲಿ ಮೊರೇ ಎಂಬಾತ ಅದೇ ಪ್ರಯೋಗದಲ್ಲಿ ಗಮನವಿಲ್ಲದ ಕಿವಿಗೆ ಕೇಳುವವರ ಹೆಸರನ್ನೇ ಹೇಳಿಸಿದನಂತೆ. ಸುಮಾರು ಮೂವರಲ್ಲಿ ಒಬ್ಬರಿಗೆ ಅದು ಕೇಳಿಸಿತಂತೆ. "ಅಮ್ಮಾ, ನೀನು ಅಪ್ಪನ್ನ ಯಾವತ್ತಾದ್ರೂ ಹೆಸರು ಹಿಡಿದು ಕರೆದಿದ್ದೀಯಾ?"

ನಮ್ಮ ಮನೆಯಲ್ಲಿ ಮೌನ ಆವರಿಸಿತು. ವಿಷಯ ಅಷ್ಟು ಸರಳವಾಗಿತ್ತು. "ರೀ" ಎಂದರೆ ಯಾರು? ನಮ್ಮ ಬೀದಿಯ ಹನ್ನೆರಡು ಮನೆಯಲ್ಲಿ ಹನ್ನೊಂದು ಗಂಡಂದಿರು ರೀ. ಟೀವಿ ಧಾರಾವಾಹಿಯಲ್ಲಿ ಸಂಜೆ ಆರರಿಂದ ಹತ್ತರವರೆಗೆ ರೀ. ಬಸ್ಸಿನಲ್ಲಿ ಕಂಡಕ್ಟರು "ಮುಂದೆ ಹೋಗ್ರೀ" ಎನ್ನುತ್ತಾನೆ, ಮಾರ್ಕೆಟ್ಟಿನಲ್ಲಿ "ಮುಟ್ಬೇಡ್ರೀ" ಎನ್ನುತ್ತಾರೆ. ಇಷ್ಟೊಂದು ರೀಗಳಿಗೆ ತಲೆಯೆತ್ತುತ್ತಾ ಕೂತರೆ ನನ್ನ ಕತ್ತು ಉಳಿಯುತ್ತದೆಯೇ?

ಮಾರನೇ ದಿನ ಪ್ರಯೋಗ ಎಂದು ತೀರ್ಮಾನವಾಯಿತು. ಇದಕ್ಕೆ ನನ್ನ ತಾಯಿಯ ಆಕ್ಷೇಪವಿತ್ತು. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಮ್ಮಿಯಾಗುತ್ತದೆ ಎಂಬುದು ಅವರ ನಂಬಿಕೆ; ಪಡಿತರ ಅಂಗಡಿಯಲ್ಲೂ ಅಪ್ಪನ ಹೆಸರು ಕೇಳಿದರೆ ಪಕ್ಕದವರಿಂದ ಹೇಳಿಸುತ್ತಿದ್ದರು. ಸೊಸೆ ಅಡುಗೆಮನೆಯಿಂದ ಇನಿಷಿಯಲ್ ಸಮೇತ ನನ್ನ ಹೆಸರು ಕೂಗಿದಾಗ ಅಮ್ಮ ದೇವರ ಮನೆಗೆ ಓಡಿ ತುಪ್ಪದ ದೀಪ ಹಚ್ಚಿದರಂತೆ. ನನಗಂತೂ ಕೇಳಿಸಲಿಲ್ಲ. ಉಳಿದ ಇಬ್ಬರ ಪೈಕಿ ನಾನು.

ಪರಿಹಾರ ಸಿಕ್ಕಿದ್ದು ಅದೇ ದಿನ ಸಂಜೆ, ಆಕಸ್ಮಿಕವಾಗಿ. ಒಲೆಯ ಮೇಲೆ ಹಾಲಿತ್ತು. ಮಗಳು "ಅಪ್ಪಾ, ಹಾಲು ಉಕ್ತಾ ಇದೆ" ಎಂದು ಎರಡು ಸಲ ಕೂಗಿದಳು. ನಾನು ಜಗ್ಗಲಿಲ್ಲ. ಸಿಟ್ಟಿಗೆ ಅಣಕಿಸುತ್ತಾ "ಅಪ್ಪೋ, ಆಲು ಹುಕ್ತಾ ಹೈತೆ!" ಎಂದಳು.

"ಆಲು ಅಲ್ಲ, ಹಾಲು. ಹುಕ್ತಾ ಅಲ್ಲ, ಉಕ್ತಾ" ಎಂದು ನಾನು ಕೋಣೆಯಿಂದ ತಕ್ಷಣ ಉತ್ತರ ಕೊಟ್ಟೆನಂತೆ.

ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ನಾನು ಎದ್ದು ಬರಲಿಲ್ಲ, ಹಾಲು ಪೂರ್ತಿ ಚೆಲ್ಲಿತು, ಅದು ಬೇರೆ ಮಾತು. ಉತ್ತರ ಬಂತಲ್ಲ! (ಮಂಡ್ಯ ಕಡೆಯ ನನ್ನ ತಾಯಿ ಈಗಲೂ ಆಲು ಎಂದೇ ಅನ್ನುತ್ತಾರೆ. ಅದು ತಪ್ಪಲ್ಲ, ಅವರ ನುಡಿ. ಅವರನ್ನು ನಾನು ಒಂದು ದಿನವೂ ತಿದ್ದಿಲ್ಲ. ಆದರೆ ಮಗಳ ಬಾಯಲ್ಲಿ ಬಂದರೆ ಅದು ಕರಡು.)

ಅಂದಿನಿಂದ ನಮ್ಮ ಮನೆಯ ಭಾಷೆ ಕೆಟ್ಟಿತು. "ಹೂಟಕ್ಕೆ ಬನ್ನಿ", "ಕೊರಿಯರ್ ಬಂಧಿದೆ", "ಹಾಫೀಸಿಂದ ಫೋನು". ನಾನು ಒಂದೊಂದನ್ನೂ ತಿದ್ದುತ್ತೇನೆ, ತಿದ್ದಿದ ಮೇಲೆ ನನಗೇ ಅರ್ಥವಾಗಿ ಏಳುತ್ತೇನೆ. ಬಂದ ನೆಂಟರು ನಮ್ಮ ಹುಡುಗಿಯ ಕನ್ನಡ ಹಾಳಾಯಿತೆಂದು ಮರುಗುತ್ತಾರೆ. ಕೋಣೆಯ ಬಾಗಿಲು ಹಾಕಿದ್ದರೆ ಹೆಂಡತಿ ಚೀಟಿ ಬರೆದು ತಂದು ನಾನು ತಿದ್ದುತ್ತಿರುವ ಪುಟದ ಮೇಲೇ ಇಡತೊಡಗಿದಳು. ಮೊದಮೊದಲು ಇದೂ ಚೆನ್ನಾಗಿ ನಡೆಯಿತು.

ಆಗ ನನ್ನ ಮುಂದಿದ್ದದ್ದು ಹಿರಿಯರೊಬ್ಬರ ಕವನ ಸಂಕಲನ. ರೈತನ ಮೇಲಿನ ಒಂದು ಪದ್ಯದ ಕೊನೆಗೆ ಬಂದಿದ್ದೆ. ಚೀಟಿ ಬಂತು: "ಹನ್ನ ಹಾರುತ್ತಿದೆ, ಭೇಗ ಭನ್ನಿ." ನಾನು ಕೆಂಪು ಪೆನ್ನಿನಲ್ಲಿ ಹನ್ನವನ್ನು ಅನ್ನ ಮಾಡಿದೆ, ಹಾರುತ್ತಿದ್ದುದನ್ನು ಆರಿಸಿದೆ, ಎರಡೂ ಭಕಾರದ ಹೊಟ್ಟೆ ಹೊಲಿದೆ, ಅಂಚಿನಲ್ಲಿ ಗುರುತು ಹಾಕಿ ಮುಂದಿನ ಪುಟಕ್ಕೆ ಹೋದೆ. ಊಟಕ್ಕೆ ಏಳಲಿಲ್ಲ. ಕರಡಿನ ಕಟ್ಟು ಸಂಜೆ ಡಿಟಿಪಿಯ ಹುಡುಗನಿಗೆ ಹೋಯಿತು. ಹೊಸ ಸಾಲು ಸೇರಿಸಬೇಕಾದಾಗ ನಾವು ಹೀಗೇ ಚೀಟಿ ಇಡುವುದು ರೂಢಿ. ಆದರೂ ಅವನಿಗೆ ಅನುಮಾನ ಬಂದು ಕೇಳಲು ಫೋನು ಮಾಡಿದನಂತೆ. ಆರು ಸಲ.

ಪುಸ್ತಕ ಬಿಡುಗಡೆಯ ದಿನ ಕವಿಗಳು ಅದೇ ಪದ್ಯ ಓದಲು ಎದ್ದರು. ನೆಲ ಬಿರಿದದ್ದು, ಮೋಡ ಮೋಸ ಮಾಡಿದ್ದು, ಮಕ್ಕಳು ಪಟ್ಟಣ ಸೇರಿದ್ದು ಎಲ್ಲಾ ಆಯಿತು. ಕೊನೆಗೆ ಬಂದು ತಡೆದರು. ಕನ್ನಡಕ ಸರಿಮಾಡಿಕೊಂಡು ಪುಟವನ್ನೊಮ್ಮೆ ನೋಡಿದರು. ಆಮೇಲೆ ನಿಧಾನವಾಗಿ, "ಅನ್ನ ಆರುತ್ತಿದೆ, ಬೇಗ ಬನ್ನಿ" ಎಂದರು. ಸಭೆ ಸ್ತಬ್ಧವಾಯಿತು. ಇನ್ನೊಮ್ಮೆ ಓದಿದರು. ಚಪ್ಪಾಳೆ ಬಿತ್ತಂತೆ, ಹಿಂದಿನ ಸಾಲಿನಲ್ಲಿ ಒಬ್ಬರು ಕಣ್ಣೊರೆಸಿಕೊಂಡರಂತೆ. ಪಕ್ಕದಲ್ಲಿ ಕೂತಿದ್ದ ಹೆಂಡತಿ ನನ್ನ ತೋಳು ಹಿಡಿದು "ರೀ, ರೀ, ಅದು ನಂದು ಕಣ್ರೀ" ಎಂದಳಂತೆ.

ಇದೆಲ್ಲ ಆಮೇಲೆ ಅವಳೇ ಹೇಳಿದ್ದು. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಲೋಕಾರ್ಪಣೆಯನ್ನು "ಲೋಕಾಪರ್ಣೆ" ಮಾಡಿದ್ದರು, ನಾನು ಅಲ್ಲಿದ್ದೆ.